ಬಿಸಿಲು ಮಳೆಗೆ ಒಡ್ಡಿದ ಕಟ್ಟಿಗೆಯ ನಾಮಫಲಕವನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಕುಷ್ಟಗಿ ತಾಲೂಕಿನ ಸದಸ್ಯ

ನಮ್ಮೂರಿನ ವಾಚನಾಲಯದ ಬಾಗಿಲ ಮೇಲೆ ಸಾಗವಾನಿ ಹಲಗೆಯ ನಾಮಫಲಕವೊಂದಿದೆ. ಆರು ಅಡಿ ಉದ್ದ, ಎರಡು ಅಡಿ ಎತ್ತರ. ಮೂರು ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ, ಹಿಂದೆ ಎರಡು ಅಡ್ಡಪಟ್ಟಿ ಹೊಡೆದು ಮಾಡಿದ್ದಾರೆ. ಕಡುನೀಲಿ ನೆಲದ ಮೇಲೆ ಹಳದಿ ಅಕ್ಷರಗಳಿವೆ, ಅಕ್ಷರಗಳಿಗೆ ಕೆಂಪು ನೆರಳಿದೆ. ಬರೆದವರು ಈಗ ನಮ್ಮ ನಡುವೆ ಇಲ್ಲ. ಅವರ ಒತ್ತಕ್ಷರಗಳ ಬಾಗನ್ನೂ ತಲೆಕಟ್ಟುಗಳ ಓಟವನ್ನೂ ನೋಡಿ ಬೆಳೆದ ನಮಗೆ, ಇದನ್ನು ಇಳಿಸಿ ಫ್ಲೆಕ್ಸ್ ಕಟ್ಟೋಣ ಎಂಬ ಮಾತು ಊರಲ್ಲಿ ಎದ್ದಾಗ ಮನಸ್ಸಿಗೆ ಬಹಳ ಕಸಿವಿಸಿಯಾಯಿತು.

ಫಲಕವು ಪಶ್ಚಿಮಕ್ಕೆ ಮುಖ ಮಾಡಿದೆ. ಮಧ್ಯಾಹ್ನದಿಂದ ಸಂಜೆಯವರೆಗೂ ಬಿಸಿಲು ನೇರವಾಗಿ ಬೀಳುತ್ತದೆ, ಮುಂಗಾರಿನ ಗಾಳಿಮಳೆಯೂ ಅದೇ ದಿಕ್ಕಿನಿಂದ ಬಡಿಯುತ್ತದೆ. ನೀಲಿಯನ್ನು ಬೆರಳಿನಿಂದ ಒರೆಸಿದರೆ ಪುಡಿ ಕೈಗೆ ಹತ್ತುತ್ತದೆ. ಕೆಂಪು ನೆರಳು ಬಿಳಿಚಿ ಗುಲಾಬಿಯಾಗಿದೆ. ಕೆಳ ಅಂಚಿನಲ್ಲಿ ಬಣ್ಣ ಉಬ್ಬಿ ಹಕ್ಕಳೆ ಹಕ್ಕಳೆಯಾಗಿ ಏಳುತ್ತಿದೆ, ನಡುವಿನ ಕೂಡುಗೆರೆ ಬಿಟ್ಟುಕೊಂಡಿದೆ. ಪೇಂಟ್ ಅಂಗಡಿಯಲ್ಲಿ ಒಬ್ಬರು ಹಳೆಯ ಬಣ್ಣವನ್ನು ಸುಟ್ಟು ಕೆರೆಯಿರಿ ಎಂದರು, ಇನ್ನೊಬ್ಬರು ಇದ್ದ ಬಣ್ಣದ ಮೇಲೆಯೇ ವಾರ್ನಿಶ್ ಹೊಡೆಯಿರಿ ಎಂದರು. ಅಕ್ಷರಗಳ ರೂಪ ಕೆಡದಂತೆ, ಮತ್ತೆ ಹಲವು ವರ್ಷ ಬಾಳುವಂತೆ ಇದನ್ನು ಸರಿಪಡಿಸಲು ಯಾವ ಕ್ರಮ ಅನುಸರಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಗಂಗಾವತಿಯ ಬಡಗಿ

ಯಾವ ಬಣ್ಣ ತರಬೇಕೆಂದು ಯೋಚಿಸುವುದಕ್ಕೆ ಮುಂಚೆ ನೀರು ಎಲ್ಲಿಂದ ಒಳಗೆ ಹೋಯಿತೆಂದು ನೋಡಿರಿ. ನನ್ನ ಅನುಭವದಲ್ಲಿ ಹೊರಗಿನ ಫಲಕಗಳು ಮುಂಭಾಗದಿಂದ ಕೆಡುವುದು ಕಡಿಮೆ. ಅವು ಕೆಡುವುದು ಅಂಚಿನಿಂದ, ತುದಿಯಿಂದ, ಹಿಂಬದಿಯಿಂದ. ಬರೆಯುವವರು ಕಣ್ಣಿಗೆ ಕಾಣುವ ಮುಖಕ್ಕೆ ನಾಲ್ಕು ಕೈ ಬಣ್ಣ ಹೊಡೆದು, ಗೋಡೆಗೆ ತಾಗುವ ಬೆನ್ನಿಗೆ ಒಂದು ಕೈಯನ್ನೂ ಹೊಡೆಯುವುದಿಲ್ಲ. ಗೋಡೆಗೆ ಅಂಟಿಕೊಂಡ ಬೆನ್ನು ಮಳೆಗಾಲವಿಡೀ ತೇವವಾಗಿಯೇ ಇರುತ್ತದೆ. ಆಮೇಲೆ ಬಿಸಿಲು ಬಿದ್ದಾಗ ಒಳಗಿನ ಆ ತೇವ ಮುಂಭಾಗದ ಮೂಲಕ ಹೊರಬರಲು ನೋಡುತ್ತದೆ, ದಾರಿ ಸಿಗದೆ ಬಣ್ಣವನ್ನೇ ಎತ್ತಿ ಉಬ್ಬಿಸುತ್ತದೆ. ನೀವು ಹೇಳಿದ ಕೆಳ ಅಂಚಿನ ಉಬ್ಬು ಇದೇ ಜಾತಿಯದೆಂದು ನನಗೆ ಅನ್ನಿಸುತ್ತದೆ.

ಫಲಕವನ್ನು ಇಳಿಸಿ ನೆರಳಿನಲ್ಲಿಟ್ಟು ಎರಡು ಪರೀಕ್ಷೆ ಮಾಡಿರಿ. ಮೊದಲನೆಯದು, ಎದ್ದಿರುವ ಹಕ್ಕಳೆಯೊಂದನ್ನು ಚೂರಿಯ ಮೊನೆಯಿಂದ ಬಿಡಿಸಿ, ಮಗುಚಿ ಅದರ ಬೆನ್ನನ್ನು ನೋಡುವುದು. ಬೆನ್ನಿನಲ್ಲಿ ಕಟ್ಟಿಗೆಯ ಬೂದುಬಣ್ಣದ ಸಣ್ಣ ನಾರುಗಳು ಅಂಟಿಕೊಂಡು ಬಂದಿದ್ದರೆ, ಬಣ್ಣ ಹಿಡಿದೇ ಇತ್ತು, ಅದರ ಕೆಳಗಿನ ಕಟ್ಟಿಗೆಯ ಮೇಲ್ಪದರವೇ ಸತ್ತಿದೆ ಎಂದು ತಿಳಿಯಬೇಕು. ಅಲ್ಲಿ ಗಟ್ಟಿ ಕಟ್ಟಿಗೆ ಸಿಗುವವರೆಗೆ ಉಜ್ಜದೆ ಏನನ್ನು ಹಚ್ಚಿದರೂ ಮತ್ತೆ ಏಳುತ್ತದೆ. ಬೆನ್ನು ನುಣ್ಣಗೆ, ಬಣ್ಣಕ್ಕೆ ಮೊದಲು ತಳಪದರವಾಗಿ ಹಚ್ಚುವ ಗುಲಾಬಿ ಬಣ್ಣದ ಪ್ರೈಮರ್‌ನೊಂದಿಗೆ ಬಂದಿದ್ದರೆ ಪ್ರೈಮರ್ ಕಟ್ಟಿಗೆಯನ್ನು ಹಿಡಿದಿರಲಿಲ್ಲವೆಂದು ಅರ್ಥ. ಸಾಗವಾನಿಯಲ್ಲಿ ಇದು ಸಾಮಾನ್ಯ, ಏಕೆಂದರೆ ಆ ಕಟ್ಟಿಗೆಯೊಳಗೆ ಸಹಜವಾಗಿಯೇ ಎಣ್ಣೆಯಂಶವಿರುತ್ತದೆ.

ಎರಡನೆಯದು ದಬ್ಬಣದ ಪರೀಕ್ಷೆ. ಕೆಳ ಅಂಚಿನುದ್ದಕ್ಕೂ, ಎರಡೂ ತುದಿಗಳಲ್ಲಿ, ಸ್ಕ್ರೂಗಳ ಸುತ್ತ ದಬ್ಬಣ ಒತ್ತುತ್ತ ಬನ್ನಿರಿ. ಗಟ್ಟಿ ಸಾಗವಾನಿಯಲ್ಲಿ ಮೊನೆ ಸ್ವಲ್ಪ ಕಚ್ಚಿ ನಿಲ್ಲುತ್ತದೆ, ಕೊಳೆತಲ್ಲಿ ತಡೆಯಿಲ್ಲದೆ ಇಳಿಯುತ್ತದೆ. ಇಳಿದ ಜಾಗಗಳಿಗೆ ಸೀಮೆಸುಣ್ಣದಿಂದ ಗುರುತು ಮಾಡಿ ಇಲ್ಲಿ ತಿಳಿಸಿರಿ. ಉಳಿದದ್ದನ್ನು ಅದರ ಮೇಲೆ ಮಾತಾಡೋಣ.

ರಾಯಚೂರಿನ ರಸಾಯನಶಾಸ್ತ್ರ ಅಧ್ಯಾಪಕಿ

ಬಡಗಿಯವರು ಹೇಳಿದ ಪರೀಕ್ಷೆಗಳಿಗೆ ಕೈ ಹಾಕುವ ಮುನ್ನ ಒಂದು ಎಚ್ಚರಿಕೆಯನ್ನು ಹೇಳಲೇಬೇಕಾಗಿದೆ. ಸುಟ್ಟು ಕೆರೆಯಿರಿ ಎಂಬ ಸಲಹೆಯನ್ನು ಯಾವ ಕಾರಣಕ್ಕೂ ಪಾಲಿಸಬೇಡಿರಿ. ಗೃಹೋಪಯೋಗಿ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 90 ಭಾಗ) ಮೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿತು, ಅದು 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಅದಕ್ಕಿಂತ ಹಿಂದಿನ ಎನಾಮೆಲ್ ಬಣ್ಣವೆಂದರೆ ಸೀಸ ಇದೆಯೆಂದೇ ಭಾವಿಸಿ ಕೆಲಸ ಮಾಡುವುದು ಕ್ಷೇಮ. ನಿಮ್ಮ ಫಲಕದ ಅಕ್ಷರಗಳು ಹಳದಿ ಎಂದಿದ್ದೀರಿ. ಹಳೆಯ ಹೊಳಪಿನ ಹಳದಿಗಳಿಗೆ ಮತ್ತು ಕಿತ್ತಳೆಗಳಿಗೆ ಸೀಸದ ಕ್ರೋಮೇಟನ್ನೇ ವರ್ಣದ್ರವ್ಯವಾಗಿ ಬಳಸುವುದು ವಾಡಿಕೆಯಾಗಿತ್ತಾದ್ದರಿಂದ, ನೀವು ಹೆಚ್ಚು ಎಚ್ಚರಿಕೆ ವಹಿಸಬೇಕಾದದ್ದು ಆ ಅಕ್ಷರಗಳ ವಿಷಯದಲ್ಲಿಯೇ.

ಬೆಂಕಿಯ ಜ್ವಾಲೆ ತಾಗಿದರೆ ಸೀಸ ಹೊಗೆಯಾಗಿ ಶ್ವಾಸಕೋಶ ಸೇರುತ್ತದೆ. ಒಣದಾಗಿ ಮಷಿನ್ ಹಿಡಿದು ಉಜ್ಜಿದರೆ ದೂಳಾಗಿ ಎಲ್ಲೆಡೆ ಹರಡುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ಮಾಡುವ ಹಾನಿ ಸರಿಹೋಗುವಂಥದ್ದಲ್ಲ, ನಿಮ್ಮದೋ ಮಕ್ಕಳು ಓದಲು ಬಂದು ಕೂರುವ ಜಾಗ. ಆದ್ದರಿಂದ ಕೆಲಸವನ್ನು ವಾಚನಾಲಯದಿಂದ ದೂರ, ನೆಲಕ್ಕೆ ತಾಡಪತ್ರಿ ಹಾಸಿ ಮಾಡಿರಿ. ನೀರು ಚಿಮುಕಿಸುತ್ತ ವಾಟರ್ ಪೇಪರ್‌ನಿಂದ ಕೈಯಲ್ಲೇ ಉಜ್ಜಿರಿ. ಮೂಗಿಗೆ ಕನಿಷ್ಠ ಎನ್-95 ಮಾಸ್ಕ್ ಇರಲಿ, ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಕೆರೆದ ಹಕ್ಕಳೆಗಳನ್ನೂ ಒರೆಸಿದ ಬಟ್ಟೆಗಳನ್ನೂ ಚೀಲದಲ್ಲಿ ಕಟ್ಟಿಡಿರಿ, ಕಸದೊಂದಿಗೆ ಸುಡಬೇಡಿರಿ, ಹೊಲಕ್ಕೋ ಬಾವಿಯ ಬಳಿಗೋ ಚೆಲ್ಲಬೇಡಿರಿ. ಕೆಲಸದ ಬಟ್ಟೆಗಳನ್ನು ಮನೆಯವರ ಬಟ್ಟೆಗಳೊಂದಿಗೆ ಒಗೆಯಬೇಡಿರಿ, ಕೈ ತೊಳೆಯದೆ ನೀರನ್ನೂ ಕುಡಿಯಬೇಡಿರಿ.

ಇನ್ನೊಂದು ಮಾತು. ಇಡೀ ಫಲಕವನ್ನು ಕಟ್ಟಿಗೆಯವರೆಗೆ ಕೆರೆಯುವ ಅಗತ್ಯವೇ ಇಲ್ಲದಿರಬಹುದು. ಗಟ್ಟಿಯಾಗಿ ಕಾಣುವ ಜಾಗದಲ್ಲಿ ಬ್ಲೇಡಿನಿಂದ ಗುಣಾಕಾರದ ಗುರುತು ಗೀಚಿ, ಅದರ ಮೇಲೆ ಅಗಲವಾದ ಅಂಟುಟೇಪನ್ನು ಒತ್ತಿ ಅಂಟಿಸಿ ಒಮ್ಮೆಲೇ ಎಳೆಯಿರಿ. ಟೇಪಿಗೆ ಬಣ್ಣದ ಪದರ ಕಿತ್ತು ಬರದಿದ್ದರೆ ಆ ಬಣ್ಣ ಅಲ್ಲೇ ಇರಲಿ. ಮೇಲಿನ ಪುಡಿಯನ್ನಷ್ಟೇ ಸಾಬೂನು ನೀರಿನಿಂದ ತೊಳೆದು, ಹಗುರವಾಗಿ ಉಜ್ಜಿದರೆ ಸಾಕು. ಗಟ್ಟಿಯಾಗಿರುವ ಹಳೆಯ ಬಣ್ಣವನ್ನು ಕಲಕುವುದಕ್ಕಿಂತ ಹೊಸ ಪದರದ ಕೆಳಗೆ ಮುಚ್ಚಿಡುವುದು ಸುರಕ್ಷಿತವೂ ಹೌದು.

ಕುಷ್ಟಗಿ ತಾಲೂಕಿನ ಸದಸ್ಯ

ಇಬ್ಬರಿಗೂ ಧನ್ಯವಾದಗಳು. ಫಲಕವನ್ನು ಇಳಿಸಿದೆವು. ಬೆನ್ನಿಗೆ ಬಣ್ಣವೇ ಇರಲಿಲ್ಲ, ಕಟ್ಟಿಗೆ ಕಪ್ಪಿಟ್ಟಿತ್ತು. ಕೆಳ ಹಲಗೆಯ ಅಂಚಿನಲ್ಲಿ ಒಂದು ಗೇಣಿನಷ್ಟು ಉದ್ದಕ್ಕೆ ದಬ್ಬಣ ಸಲೀಸಾಗಿ ಇಳಿಯಿತು, ಬಲತುದಿಯಲ್ಲಿಯೂ ಸ್ವಲ್ಪ ಮೆತ್ತಗಿದೆ. ಕೆಳಗಿನ ಹಕ್ಕಳೆಗಳ ಬೆನ್ನಿಗೆ ನಾರು ಅಂಟಿಕೊಂಡಿದೆ, ಮೇಲಿನ ಭಾಗದಲ್ಲಿ ಟೇಪ್ ಪರೀಕ್ಷೆಗೆ ಬಣ್ಣ ಕದಲಲಿಲ್ಲ. ಅಡ್ಡಪಟ್ಟಿಗಳ ಕಬ್ಬಿಣದ ಸ್ಕ್ರೂಗಳೆಲ್ಲ ತುಕ್ಕು ಹಿಡಿದು, ಅವುಗಳ ಸುತ್ತ ಕಟ್ಟಿಗೆಯಲ್ಲಿ ಮಸಿಯಂಥ ಕಲೆಯಾಗಿದೆ. ನಡುವಿನ ಬಿರುಕು ಬೇಸಿಗೆಯಲ್ಲಿ ಅಗಲವಾಗುತ್ತದೆ, ಮಳೆಗಾಲದಲ್ಲಿ ಬಹುತೇಕ ಮುಚ್ಚಿಕೊಳ್ಳುತ್ತದೆ ಎಂದು ವಾಚನಾಲಯ ನೋಡಿಕೊಳ್ಳುವ ಹಿರಿಯರು ಹೇಳುತ್ತಾರೆ. ಕೆಳಸಾಲಿನ ಅಕ್ಷರಗಳು ಅರ್ಧಂಬರ್ಧ ಉಳಿದಿವೆ. ಅವುಗಳನ್ನು ಮತ್ತೆ ಅದೇ ರೂಪದಲ್ಲಿ ಮೂಡಿಸುವುದು ಹೇಗೆ ಎಂಬುದೇ ಈಗ ನನ್ನ ದೊಡ್ಡ ಚಿಂತೆ.

ಬಳ್ಳಾರಿಯ ಫಲಕ ಬರಹಗಾರ

ಅಕ್ಷರದ ಕೆಲಸವನ್ನು ನಾನು ಹೇಳುತ್ತೇನೆ. ಉಜ್ಜುವ ಕಾಗದ ಫಲಕಕ್ಕೆ ತಾಗುವ ಮೊದಲು ಅಕ್ಷರಗಳನ್ನು ಎತ್ತಿಟ್ಟುಕೊಳ್ಳಬೇಕು. ಮೊದಲು ಫಲಕದ ನೇರ ಎದುರಿಗೆ ನಿಂತು, ಒಂದು ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ. ಸಂಜೆ ಬ್ಯಾಟರಿ ಬೆಳಕನ್ನು ಒಂದು ಬದಿಯಿಂದ ಓರೆಯಾಗಿ ಬಿಟ್ಟು ಇನ್ನೊಂದು ಫೋಟೋ ತೆಗೆಯಿರಿ. ಬಣ್ಣ ಅಳಿಸಿಹೋದ ಜಾಗದಲ್ಲಿಯೂ ಕುಂಚದ ಅಂಚಿನ ದಿಣ್ಣೆ ಉಳಿದಿರುತ್ತದೆ, ಓರೆ ಬೆಳಕಿನಲ್ಲಿ ಅದು ನೆರಳು ಬಿಟ್ಟು ಅಕ್ಷರದ ಗೆರೆಯನ್ನು ತೋರಿಸಿಕೊಡುತ್ತದೆ. ಅಳಿದುಹೋಯಿತು ಎಂದುಕೊಂಡ ಎಷ್ಟೋ ಅಕ್ಷರಗಳು ಹೀಗೆ ಸಿಕ್ಕಿವೆ.

ನಂತರ ಇಡೀ ಫಲಕದ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಅಲುಗಾಡದಂತೆ ಟೇಪ್ ಹಾಕಿ, ಚೂಪಾದ ಪೆನ್ಸಿಲ್‌ನಿಂದ ಪ್ರತಿ ಅಕ್ಷರದ ಹೊರಗೆರೆಯನ್ನು ಎತ್ತಿಕೊಳ್ಳಿರಿ. ಫಲಕದ ನಾಲ್ಕು ಮೂಲೆಗಳ ಗುರುತು ಹಾಳೆಯ ಮೇಲೆ ಇರಲೇಬೇಕು, ಇಲ್ಲದಿದ್ದರೆ ಮತ್ತೆ ಕೂಡಿಸುವಾಗ ಸಾಲು ಓರೆಯಾಗುತ್ತದೆ. ಹಾಳೆಯನ್ನು ಕಂಬಳಿಯ ಮೇಲೆ ಹಾಸಿ, ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು ಮಾಡಿರಿ. ನೆಲದ ಬಣ್ಣ ಒಣಗಿದ ಮೇಲೆ ಹಾಳೆಯನ್ನು ಮೂಲೆಗೆ ಮೂಲೆ ಕೂಡಿಸಿ ಅಂಟಿಸಿ, ತೆಳುಬಟ್ಟೆಯಲ್ಲಿ ಕಟ್ಟಿದ ಸೀಮೆಸುಣ್ಣದ ಪುಡಿಯ ಗಂಟನ್ನು ತೂತುಗಳ ಮೇಲೆ ಮೆಲ್ಲಗೆ ತಟ್ಟಿದರೆ ಅಕ್ಷರ ಚುಕ್ಕೆ ಚುಕ್ಕೆಯಾಗಿ ಫಲಕಕ್ಕೆ ಇಳಿಯುತ್ತದೆ. ಕಂಪ್ಯೂಟರಿನ ಅಕ್ಷರವನ್ನು ತಂದು ಅಲ್ಲಿ ಕೂರಿಸಬೇಡಿರಿ. ಬರೆದವರ ಕೈ ಉಳಿಯಲಿ ಎಂದು ತಾನೇ ಇಷ್ಟೆಲ್ಲ ಮಾಡುತ್ತಿರುವುದು!

ಬರೆಯಲು ಉದ್ದ ಕೂದಲಿನ ಮೆತ್ತನೆಯ ಕುಂಚ ಬೇಕು. ಕೈಗೆ ಆಸರೆಯಾಗಿ ತುದಿಗೆ ಬಟ್ಟೆ ಸುತ್ತಿದ ಕೋಲು ಇರಲಿ, ಹಸಿ ಬಣ್ಣಕ್ಕೆ ಅಂಗೈ ತಾಗುವುದಿಲ್ಲ. ಮೇಲಿನ ಸಾಲಿನ ಗಟ್ಟಿ ಅಕ್ಷರಗಳಿಗೆ ಅವೇ ಗೆರೆಗಳ ಒಳಗೆ ಒಂದು ತೆಳು ಕೈ ಕೊಟ್ಟರೆ ಸಾಕು, ಗೆರೆಯನ್ನು ಚೆಂದ ಮಾಡಲು ಹೋಗಿ ದಪ್ಪ ಮಾಡಬಾರದು.

ಬಣ್ಣದ ಆಯ್ಕೆಯ ಬಗ್ಗೆಯೂ ಹೇಳುತ್ತೇನೆ. ನಿಮ್ಮ ಕೆಂಪು ಗುಲಾಬಿಯಾದದ್ದು ಆ ವರ್ಣದ್ರವ್ಯದ ಗುಣ, ಕೆಂಪು ಎನಾಮೆಲ್‌ಗಳಲ್ಲಿ ಹಲವು ಬಿಸಿಲಿಗೆ ನಿಲ್ಲುವುದಿಲ್ಲ. ರೆಡ್ ಆಕ್ಸೈಡ್ ಹಾಗಲ್ಲ. ಅದು ಕಬ್ಬಿಣದ ಆಕ್ಸೈಡ್, ನಮ್ಮ ಸಂಡೂರಿನ ಗುಡ್ಡಗಳಿಗೆ ಕೆಂಪು ಬಂದಿರುವುದೂ ಅದರಿಂದಲೇ. ಬಿಸಿಲು ಅದನ್ನು ಮಾಸಿಸಲಾರದು. ಅಕ್ಷರದ ನೆರಳಿಗೆ ಅಪ್ಪಟ ಕೆಂಪಿನ ಬದಲು ಈ ಇಟ್ಟಿಗೆಗೆಂಪು ಬಳಸಿದರೆ ಹೊಳಪು ಸ್ವಲ್ಪ ಕಡಿಮೆಯಾದರೂ ಬಹುಕಾಲ ಉಳಿಯುತ್ತದೆ. ಮೂಲದ ಕೆಂಪೇ ಬೇಕೆಂದು ಹಿರಿಯರು ಹಟ ಹಿಡಿದರೆ ಅದನ್ನೇ ಹಾಕಿರಿ, ಆದರೆ ಕೆಲವು ವರ್ಷಗಳಿಗೊಮ್ಮೆ ನೆರಳನ್ನಷ್ಟೇ ಮತ್ತೆ ಬರೆಯಬೇಕಾಗುತ್ತದೆಂದು ಮೊದಲೇ ತಿಳಿಸಿಬಿಡಿರಿ.

ಸಿಂಧನೂರಿನ ಓದುಗ

ಅಕ್ಷರ ಬರೆದಾದ ಮೇಲೆ ಎಲ್ಲದರ ಮೇಲೆ ಎರಡು ಕೈ ಪಾಲಿಯುರೆಥೇನ್ ವಾರ್ನಿಶ್ ಹೊಡೆದರೆ ಬಣ್ಣಕ್ಕೆ ರಕ್ಷಣೆ ಸಿಗುವುದಿಲ್ಲವೇ? ನಮ್ಮ ಕಡೆ ಅಕ್ಕಿ ಗಿರಣಿಗಳ ಬೂದಿ ಎಲ್ಲದರ ಮೇಲೂ ಕೂರುತ್ತದೆ, ನುಣುಪಾದ ಮೇಲ್ಮೈ ಇದ್ದರೆ ಒರೆಸುವುದೂ ಸುಲಭ. ಬೆನ್ನಿಗೆ ಗಾಣದ ಅಗಸೆ ಎಣ್ಣೆ ಹಚ್ಚಿದರೆ ಹೇಗೆ? ನಮ್ಮ ಮನೆಯಲ್ಲಿ ಎತ್ತಿನ ಬಂಡಿಗೆ ಅದನ್ನೇ ಹಚ್ಚುತ್ತಿದ್ದರು.

ರಾಯಚೂರಿನ ರಸಾಯನಶಾಸ್ತ್ರ ಅಧ್ಯಾಪಕಿ

ಪಾರದರ್ಶಕ ವಾರ್ನಿಶ್ ಬೇಡವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬಣ್ಣದೊಳಗಿನ ವರ್ಣದ್ರವ್ಯವೇ ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಪಾರದರ್ಶಕ ಪದರಕ್ಕೆ ಆ ಆಸರೆ ಇಲ್ಲ. ಒಳಾಂಗಣದ ವಾರ್ನಿಶ್ ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಬೇಗನೆ ಹಳದಿಗಟ್ಟಿ, ಪೆಡಸಾಗಿ ಸೀಳುತ್ತದೆ. ಸೀಳಿನೊಳಗೆ ಇಳಿದ ನೀರು ಹೊರಬರಲಾರದೆ ಕೆಳಗಿನ ಒಳ್ಳೆಯ ಬಣ್ಣವನ್ನೂ ಎಬ್ಬಿಸುತ್ತದೆ. ಆಗ ಸಿಪ್ಪೆಯೇಳುವ ವಾರ್ನಿಶನ್ನು ಅಕ್ಷರಕ್ಕೆ ಪೆಟ್ಟಾಗದಂತೆ ತೆಗೆಯುವುದು ಯಾರಿಂದಲೂ ಆಗದ ಕೆಲಸ. ದೋಣಿಗಳಿಗೆ ಬಳಸುವ, ನೇರಳಾತೀತ ಕಿರಣಗಳನ್ನು ಹೀರುವ ದ್ರವ್ಯ ಬೆರೆತ ಮರೀನ್ ವಾರ್ನಿಶ್ ಇದಕ್ಕಿಂತ ಮೇಲು. ಆದರೆ ಅದನ್ನೂ ಕಾಲಕಾಲಕ್ಕೆ ಉಜ್ಜಿ ಮತ್ತೆ ಹಚ್ಚುತ್ತಲೇ ಇರಬೇಕು. ಕಟ್ಟಿಗೆಯ ಸಹಜ ಬಣ್ಣ ಕಾಣಬೇಕಾದ ಫಲಕಕ್ಕೆ ಆ ಶ್ರಮ ಸಲ್ಲುತ್ತದೆ, ಪೂರ್ತಿ ಬಣ್ಣ ಬಳಿದ ಫಲಕಕ್ಕೆ ಅನಗತ್ಯ. ಹೊರಾಂಗಣದ ಹೊಳಪಿನ ಎನಾಮೆಲ್ ತಾನೇ ನುಣುಪಾಗಿರುತ್ತದೆ, ಬೂದಿಯೂ ಅದರ ಮೇಲೆ ನಿಲ್ಲುವುದಿಲ್ಲ. ಆದರೆ ಆ ಬೂದಿಯನ್ನು ಒಣಬಟ್ಟೆಯಿಂದ ಒರೆಸಬಾರದು. ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ ಇರುವುದರಿಂದ ಅದು ಹೊಳಪನ್ನು ತಿಕ್ಕಿ ತೆಗೆಯುತ್ತದೆ. ನೀರು ಸುರಿದು ತೊಳೆಯಬೇಕು.

ಅಗಸೆ ಎಣ್ಣೆಯನ್ನು ಬೆನ್ನಿಗೂ ನಾನು ಒಪ್ಪುವುದಿಲ್ಲ. ಗಾಣದ ಹಸಿ ಎಣ್ಣೆ ಒಣಗಲು ಬಹಳ ದಿನ ಹಿಡಿಯುತ್ತದೆ, ಅಷ್ಟರಲ್ಲಿ ದೂಳು ಹಿಡಿದು ತೇವದ ಜಾಗದಲ್ಲಿ ಬೂಷ್ಟು ಬೆಳೆಯುತ್ತದೆ. ಯಾರಾದರೂ ಬೇರೆ ಕೆಲಸಕ್ಕೆ ಬಳಸುವುದಿದ್ದರೆ ಒಂದನ್ನು ನೆನಪಿಡಲೇಬೇಕು. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಒಣಗುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಶಾಖ ಒಳಗೇ ಕೂಡಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಅಂತಹ ಬಟ್ಟೆಗಳನ್ನು ಬಯಲಲ್ಲಿ ಒಂದೊಂದಾಗಿ ಹರಡಿ ಒಣಗಿಸಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು. ಪುಸ್ತಕಗಳಿರುವ ಕಟ್ಟಡದ ಹತ್ತಿರವಂತೂ ಅವು ಸುಳಿಯಲೇಬಾರದು.

ಕೊಪ್ಪಳದ ಸದಸ್ಯೆ

ನಮ್ಮ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಕಟ್ಟಿಗೆಯ ಗೊಂಬೆಗಳ ಸಂದುಗಳನ್ನು ಹುಣಸೆ ಬೀಜದ ಅಂಟು, ಕಟ್ಟಿಗೆಯ ಹೊಟ್ಟು, ಗೋಣಿನಾರು ಕೂಡಿಸಿ ಮಾಡಿದ ಕಿಟ್ಟದಿಂದ ತುಂಬಿ, ಮೇಲೆ ಬಣ್ಣ ಹಾಕುತ್ತಾರೆ. ಆ ಗೊಂಬೆಗಳು ತಲೆಮಾರುಗಟ್ಟಲೆ ಬಿರುಕು ಬಿಡದೆ ಇರುವುದನ್ನು ನಾನು ಮನೆಯಲ್ಲಿಯೇ ಕಂಡಿದ್ದೇನೆ. ಈ ಫಲಕದ ಬಿರುಕಿಗೂ ಕೊಳೆತ ಜಾಗಕ್ಕೂ ಅದೇ ಕಿಟ್ಟ ಬಳಸಬಹುದಲ್ಲವೇ? ನಮ್ಮ ಜಿಲ್ಲೆಯ ಕೆಲಸ ನಮ್ಮ ಜಿಲ್ಲೆಯ ವಿದ್ಯೆಯಿಂದಲೇ ಆದರೆ ಎಷ್ಟು ಚೆನ್ನ ಎಂಬ ಆಸೆಯಿಂದ ಕೇಳುತ್ತಿದ್ದೇನೆ.

ಗಂಗಾವತಿಯ ಬಡಗಿ

ತಂಗಿಯವರ ಆಸೆ ದೊಡ್ಡದು, ಕಿನ್ನಾಳದ ಕೈಕೆಲಸದ ಬಗ್ಗೆ ನನಗೂ ಅಷ್ಟೇ ಗೌರವವಿದೆ. ಆದರೆ ಆ ವಿದ್ಯೆ ಸೂರಿನ ಕೆಳಗಿನ ವಸ್ತುಗಳಿಗಾಗಿ ಬೆಳೆದದ್ದು. ಹುಣಸೆ ಬೀಜದ ಅಂಟು ನೀರಿನಲ್ಲಿ ಕಲಸಿದ ಅಂಟು, ನೀರು ಕುಡಿದರೆ ಮತ್ತೆ ಮೆತ್ತಗಾಗುತ್ತದೆ. ಗಾಳಿಮಳೆ ಬಡಿಯುವ ಪಶ್ಚಿಮದ ಗೋಡೆಯಲ್ಲಿ ಅದು ನಿಲ್ಲದು. ವಾಚನಾಲಯದ ಒಳಗಿನ ಫಲಕವಾಗಿದ್ದರೆ ನಾನೇ ಅದನ್ನು ಮೊದಲು ಹೇಳುತ್ತಿದ್ದೆ.

ಈಗ ದುರಸ್ತಿಯ ಮಾತು. ದಬ್ಬಣ ಇಳಿದ ಜಾಗವನ್ನು ಪುಟ್ಟಿಯಿಂದ ತುಂಬಿ ಮುಚ್ಚಬೇಡಿರಿ. ಗೇಣುದ್ದದ ಆ ಭಾಗವನ್ನು ಗಟ್ಟಿ ಕಟ್ಟಿಗೆ ಸಿಗುವವರೆಗೆ ಉಳಿಯಿಂದ ಚೌಕಾಗಿ ತೆಗೆದು, ಹಳೆಯ ಸಾಗವಾನಿಯ ತುಂಡನ್ನು ಅದೇ ನಾರಿನ ದಿಕ್ಕಿಗೆ ಕೂರಿಸಿ ಎಪಾಕ್ಸಿ ಅಂಟಿನಿಂದ ಬಿಗಿಯಿರಿ. ಬಲತುದಿಯ ಮೆತ್ತಗಿನ ಜಾಗ ಸಣ್ಣದಾದರೆ, ಪೂರ್ತಿ ಒಣಗಿಸಿ ತೆಳುವಾದ ಎಪಾಕ್ಸಿ ಕುಡಿಸಿ ಗಟ್ಟಿ ಮಾಡಬಹುದು. ಎಪಾಕ್ಸಿ ಬಿಸಿಲಿಗೆ ಪುಡಿಯಾಗುತ್ತದೆ, ಆದ್ದರಿಂದ ಅದರ ಮೇಲೆ ಬಣ್ಣ ಇರಲೇಬೇಕು. ಗೋಡೆಗೆ ಹಚ್ಚುವ ಸಿಮೆಂಟ್ ಪುಟ್ಟಿಯನ್ನಂತೂ ಕಟ್ಟಿಗೆಗೆ ತಾಗಿಸಬೇಡಿರಿ.

ನಡುವಿನ ಬಿರುಕು ಬೇರೆ ಜಾತಿಯದು. ಹಿರಿಯರು ಹೇಳಿದಂತೆ ಅದು ಋತುವಿಗೆ ತಕ್ಕಂತೆ ತೆರೆದು ಮುಚ್ಚುತ್ತಿದೆ, ಅಂದರೆ ಹಲಗೆ ಅಗಲಕ್ಕೆ ಹಿಗ್ಗಿ ಕುಗ್ಗುತ್ತಿದೆ, ಅಡ್ಡಪಟ್ಟಿಯ ಬಿಗಿ ಸ್ಕ್ರೂಗಳು ಅದಕ್ಕೆ ಎಡೆ ಕೊಡುತ್ತಿಲ್ಲ. ಅಲ್ಲಿ ಗಟ್ಟಿ ಪುಟ್ಟಿ ತುಂಬಿದರೆ ಮೊದಲ ಮಳೆಗಾಲದಲ್ಲೇ ಹಲಗೆ ಹಿಗ್ಗಿ ಅದನ್ನು ಹೊರದಬ್ಬುತ್ತದೆ. ಬಿರುಕನ್ನು ಚಿಕ್ಕ ಕಾಲುವೆಯಂತೆ ಬಿಡಿಸಿ, ರಬ್ಬರಿನಂತೆ ಹಿಗ್ಗಿ ಕುಗ್ಗುವ, ಬಣ್ಣ ಹಿಡಿಯುವ ಪಾಲಿಯುರೆಥೇನ್ ಸೀಲಂಟ್ ತುಂಬಿರಿ. ಸಿಲಿಕೋನ್ ಬೇಡ, ಅದರ ಮೇಲೆ ಬಣ್ಣ ಕೂರುವುದಿಲ್ಲ. ಅಡ್ಡಪಟ್ಟಿಯ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಸ್ವಲ್ಪ ಉದ್ದ ಮಾಡಿ, ವಾಶರ್ ಹಾಕಿ, ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ ಬಳಸಿರಿ. ಆಗ ಹಲಗೆ ಸರಿದಾಡಲು ಜಾಗ ಸಿಗುತ್ತದೆ. ಸಾಗವಾನಿಗೆ ಕಬ್ಬಿಣ ತಾಗಿದಲ್ಲೆಲ್ಲ ನೀವು ಕಂಡ ಮಸಿಕಲೆ ಬಂದೇ ಬರುತ್ತದೆ.

ಕೆಳ ಅಂಚನ್ನು ಮುಂದಿನ ಏಣು ತಗ್ಗಾಗಿ, ಹಿಂಬದಿ ಎತ್ತರವಾಗಿ ಇರುವಂತೆ ಓರೆಯಾಗಿ ಹೆರೆಯಿರಿ, ನೀರು ಮುಂದಿನ ಏಣಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಹಿಂದೆ ಹರಿಯುವುದಿಲ್ಲ. ಚೂಪು ಏಣುಗಳನ್ನೆಲ್ಲ ಉಜ್ಜಿ ಗುಂಡಗೆ ಮಾಡಿರಿ, ಚೂಪಾದಲ್ಲಿ ಬಣ್ಣ ತೆಳುವಾಗಿ ಕೂತು ಮೊದಲು ಅಲ್ಲೇ ಬಿಡುತ್ತದೆ. ಹಲಗೆಯ ಎರಡೂ ತುದಿಗಳಲ್ಲಿ ನಾರಿನ ಬಾಯಿಗಳು ತೆರೆದಿರುತ್ತವೆ. ಮುಖಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ನೀರು ಹೀರುವ ಜಾಗ ಅದು. ಅಲ್ಲಿಗೆ ಪ್ರೈಮರ್ ಹೀರುವುದು ನಿಲ್ಲುವವರೆಗೆ ಮತ್ತೆ ಮತ್ತೆ ಕುಡಿಸಿರಿ.

ಪ್ರೈಮರ್ ಹಚ್ಚುವ ಮೊದಲು ಬರಿ ಕಟ್ಟಿಗೆಯನ್ನು ಥಿನ್ನರ್ ಬಟ್ಟೆಯಿಂದ ಒರೆಸಿ, ಎಣ್ಣೆಯಂಶ ಮತ್ತೆ ಮೇಲೆ ಬರುವುದರೊಳಗೆ ಅದೇ ದಿನ ಪ್ರೈಮರ್ ಕೊಡಿರಿ. ಸಾಗವಾನಿಗೆ ಗುಲಾಬಿ ಪ್ರೈಮರಿಗಿಂತ ಅಲ್ಯೂಮಿನಿಯಂ ವುಡ್ ಪ್ರೈಮರ್ ಉತ್ತಮ. ಮುಖ, ಬೆನ್ನು, ನಾಲ್ಕೂ ಅಂಚು ಎಲ್ಲಕ್ಕೂ ಅದು ಬೀಳಬೇಕು, ಅಡ್ಡಪಟ್ಟಿಯ ಕೆಳಗಿನ ಜಾಗಕ್ಕೂ ಬೀಳಬೇಕು. ಇದೊಂದನ್ನು ಮಾಡಿ ಮಿಕ್ಕಿದ್ದರಲ್ಲಿ ಕೊರತೆಯಾದರೂ ಫಲಕ ಬಾಳುತ್ತದೆ.

ಕುಷ್ಟಗಿ ತಾಲೂಕಿನ ಸದಸ್ಯ

ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೇನೆ. ಅಕ್ಷರಗಳ ಟ್ರೇಸಿಂಗ್ ಆಗಿದೆ. ಓರೆ ಬೆಳಕಿನಲ್ಲಿ ಕೆಳಸಾಲಿನ ಎರಡು ಒತ್ತಕ್ಷರಗಳು ಪೂರ್ತಿ ಕಾಣಿಸಿದಾಗ ಹಿರಿಯರು ಮಾತಿಲ್ಲದೆ ನೋಡುತ್ತ ನಿಂತುಬಿಟ್ಟರು. ಇನ್ನು ಎರಡು ಪ್ರಶ್ನೆಗಳಿವೆ. ಬಣ್ಣದ ಕೆಲಸಕ್ಕೆ ಯಾವ ಕಾಲ ಒಳ್ಳೆಯದು? ಮತ್ತೆ ತೂಗುಹಾಕುವಾಗ ಗೋಡೆಗೆ ಹೇಗೆ ಕೂರಿಸಬೇಕು?

ಬಳ್ಳಾರಿಯ ಫಲಕ ಬರಹಗಾರ

ಹಿಂಗಾರು ಮುಗಿದು, ಹಲಗೆ ಚೆನ್ನಾಗಿ ಒಣಗಿದ ಮೇಲೆ, ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಈ ಕೆಲಸ ಮಾಡಿರಿ. ಬೇಸಿಗೆಯಲ್ಲಿ ಕಾದ ಹಲಗೆಗೆ ಎನಾಮೆಲ್ ಹಚ್ಚಿದರೆ ಮೇಲ್ಪದರ ಕೂಡಲೇ ಕೆನೆಗಟ್ಟಿ, ಒಳಗಿನ ದ್ರಾವಕ ಹೊರಬರಲಾರದೆ ಗುಳ್ಳೆಯೇಳುತ್ತದೆ, ಕುಂಚವೂ ಓಡುವುದಿಲ್ಲ. ಚಳಿಗಾಲದಲ್ಲಿಯೂ ಇಬ್ಬನಿ ಆರಿದ ಮೇಲೆ ನೆರಳಿನಲ್ಲಿ ಶುರುಮಾಡಿ, ಸಂಜೆಗೆ ಮುಂಚೆ ನಿಲ್ಲಿಸಿರಿ. ಒಂದು ದಪ್ಪ ಕೈಗಿಂತ ಎರಡು ತೆಳು ಕೈ ಲೇಸು, ನಡುವೆ ಒಂದು ರಾತ್ರಿ ಬಿಟ್ಟು ಹಗುರವಾಗಿ ಉಜ್ಜಬೇಕು. ಅಕ್ಷರ ಬರೆಯುವ ಮುನ್ನ ನೆಲದ ಬಣ್ಣಕ್ಕೆ ಕೆಲವು ದಿನ ಗಟ್ಟಿಯಾಗಲು ಬಿಡಿರಿ. ಇಲ್ಲದಿದ್ದರೆ ಸೀಮೆಸುಣ್ಣದ ಪುಡಿ ಹಸಿ ಮೈಗೆ ಕಚ್ಚಿಕೊಂಡು ಆಮೇಲೆ ಒರೆಸಿದರೂ ಹೋಗುವುದಿಲ್ಲ.

ಗಂಗಾವತಿಯ ಬಡಗಿ

ಗೋಡೆಗೂ ಫಲಕಕ್ಕೂ ನಡುವೆ ಒಂದು ಇಂಚು ಗಾಳಿಯಾಡುವ ಜಾಗ ಬಿಡಿರಿ. ಕಟ್ಟಿಗೆಯ ತುಂಡುಗಳನ್ನು ಅಡ್ಡಕ್ಕೆ ಕೊಟ್ಟರೆ ಅವುಗಳ ತಲೆಯ ಮೇಲೆ ನೀರು ನಿಲ್ಲುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಕೊಳವೆಯ ತುಂಡುಗಳನ್ನು ಬೋಲ್ಟಿಗೆ ತೊಡಿಸಿ ಕೂರಿಸುವುದು ಒಳ್ಳೆಯದು. ಮೇಲಿನ ಅಂಚಿಗೆ ಅಲ್ಯೂಮಿನಿಯಂ ಪತ್ರಾಸಿನ ಸಣ್ಣ ಸೂರು ಮಾಡಿಸಿರಿ, ಅದು ಫಲಕಕ್ಕಿಂತ ಮುಂದೆ ಎರಡು ಬೆರಳಿನಷ್ಟು ಚಾಚಿರಲಿ, ಹಿಂಬದಿ ಗೋಡೆಯ ಕಡೆಗೆ ಮೇಲೆದ್ದು ಗಾರೆಯೊಳಗೆ ಸೇರಿರಲಿ. ಮುಂದೆ ಯಾರಾದರೂ ಇದೇ ಕೆಲಸವನ್ನು ಅಂಗಳದಲ್ಲಿ ಕಾಲುಗಳ ಮೇಲೆ ನಿಲ್ಲುವ ಫಲಕಕ್ಕೆ ಮಾಡುವುದಾದರೆ, ಕಟ್ಟಿಗೆಯ ಕಾಲನ್ನು ಎಂದೂ ನೆಲದಲ್ಲಿ ಹೂಳಬಾರದು. ನಮ್ಮ ಎರೆ ಮಣ್ಣು ಮಳೆಗೆ ಹಿಗ್ಗಿ ಬೇಸಿಗೆಗೆ ಬಿರಿಯುತ್ತದೆ, ಕಾಲು ವಾಲುತ್ತದೆ, ನೆಲಮಟ್ಟದಲ್ಲಿ ಗೆದ್ದಲೂ ಕೊಳೆಯೂ ಕೂಡಿಯೇ ಬರುತ್ತವೆ. ಕಬ್ಬಿಣದ ಆ್ಯಂಗಲ್ಲನ್ನು ಆಳವಾಗಿ ಕಾಂಕ್ರೀಟಿನಲ್ಲಿ ನಿಲ್ಲಿಸಿ, ನೆಲದಿಂದ ಒಂದು ಗೇಣು ಮೇಲಕ್ಕೆ ಕಟ್ಟಿಗೆಯನ್ನು ಬೋಲ್ಟ್ ಹಾಕಬೇಕು.

ಪ್ರತಿ ವರ್ಷ ಮುಂಗಾರಿಗೆ ಮುಂಚೆ ಏಣಿ ಹಾಕಿ ಕೆಳ ಅಂಚನ್ನೂ ಎರಡು ತುದಿಗಳನ್ನೂ ಕೈಯಾಡಿಸಿ ನೋಡಿರಿ. ಕೂದಲೆಳೆಯ ಬಿರುಕು ಕಂಡರೆ ಅಂದೇ ಉಜ್ಜಿ, ಆ ಜಾಗಕ್ಕಷ್ಟೇ ಪ್ರೈಮರ್ ಮತ್ತು ಬಣ್ಣ ಮುಟ್ಟಿಸಿರಿ. ಅದಕ್ಕಾಗಿ ಉಳಿದ ನೀಲಿ, ಹಳದಿ, ಕೆಂಪು ಬಣ್ಣಗಳ ಚಿಕ್ಕ ಡಬ್ಬಿಗಳನ್ನು ಗಾಳಿಯಾಡದಂತೆ ಮುಚ್ಚಿ, ಮೇಲೆ ಬಣ್ಣದ ಹೆಸರು ಮತ್ತು ಇಸವಿ ಬರೆದು, ಮಕ್ಕಳ ಕೈಗೆ ಸಿಗದ ಕಡೆ ತಂಪಾಗಿಡಿರಿ. ಸೂಜಿ ತೂತಿನ ಟ್ರೇಸಿಂಗ್ ಹಾಳೆಯನ್ನು ಮಡಚದೆ ಸುರುಳಿ ಸುತ್ತಿ ವಾಚನಾಲಯದ ಕಪಾಟಿನಲ್ಲಿ ಕಾಪಾಡಿರಿ, ಮುಂದಿನ ಸಲ ಬರೆಯುವವರಿಗೆ ಅದು ಬೇಕಾಗುತ್ತದೆ.